ಪೋಸ್ಟ್ ಹಾಕುವ ಮುನ್ನ ಕಿವಿಗೊಡಲಿ: ಸಾರ್ವಜನಿಕ ಸಂಪರ್ಕದ ವಿದ್ಯಾರ್ಥಿಗಳಿಗೆ ಸಾಮಾಜಿಕ ಜಾಲತಾಣ ಕಲಿಸುವ ಬಗೆ

ಸೊರಬದಿಂದ ಬೆಳಗಿನ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬರುವ ವಿದ್ಯಾರ್ಥಿನಿ, ಬಸ್ಸು ನಿಲ್ದಾಣ ತಲುಪುವಷ್ಟರಲ್ಲಿ ಒಂದು ರೀಲ್ಸ್ ಕತ್ತರಿಸಿ, ಹಾಡು ಕೂಡಿಸಿ, ಹಾಕಿಯೂ ಮುಗಿಸಿರುತ್ತಾಳೆ. ಅದನ್ನು ಅವಳಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಅದೇ ವಿದ್ಯಾರ್ಥಿನಿಗೆ, "ನಿಮ್ಮೂರಿನ ಸಹಕಾರ ಸಂಘದ ಪರವಾಗಿ, ಗೊಬ್ಬರ ಸಿಗದೆ ಸಿಟ್ಟಾದ ಸದಸ್ಯರೊಬ್ಬರಿಗೆ ನಾಲ್ಕು ಸಾಲಿನ ಉತ್ತರ ಬರೆ" ಎಂದು ಹೇಳಿ ನೋಡಿ. ಪೆನ್ನು ಮುಂದೆ ಹೋಗುವುದಿಲ್ಲ. ಪದವಿ ತರಗತಿಯಲ್ಲಿ ಸಾರ್ವಜನಿಕ ಸಂಪರ್ಕ ಕಲಿಸುವ ನಾವು ತುಂಬಬೇಕಾದ ಕಂದರ ಇದು. ಮೊಬೈಲಿನಲ್ಲಿ ಯಾವ ಬಟನ್ ಎಲ್ಲಿದೆ ಎಂದು ತೋರಿಸುವುದರಲ್ಲಿ ಸೆಮಿಸ್ಟರ್ ಕಳೆದರೆ ಅವರ ಸಮಯವೂ ನಮ್ಮ ಸಮಯವೂ ವ್ಯರ್ಥ.

ನಾನು ಪಾಠ ಮಾಡುವ ಕ್ರಮವನ್ನು ಇಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆದಿದ್ದೇನೆ. 30 ಮಂದಿಯ ತರಗತಿ, ಐದೈದು ಜನರ ಆರು ತಂಡ, ಸುಮಾರು 14 ವಾರ ಎಂದು ಇಟ್ಟುಕೊಂಡಿದ್ದೇನೆ. ನಿಮ್ಮ ಕಾಲೇಜಿಗೆ ತಕ್ಕಂತೆ ಹಿಗ್ಗಿಸಿ, ಕುಗ್ಗಿಸಿ.

ಮೊದಲನೆಯದು: ಒಂದು ಮನೆಯ ನಕ್ಷೆ

ಮೊದಲ ವಾರ ಮೊಬೈಲ್ ಚೀಲದೊಳಗೇ ಇರಲಿ. ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯಲ್ಲಿ ಯಾರಿಗೆ ಯಾವ ಸುದ್ದಿ ಎಲ್ಲಿಂದ ಬರುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ತರಲಿ. ಅಪ್ಪನಿಗೆ ಅಡಿಕೆ ದರ ಯಾವ ವಾಟ್ಸ್ಆ್ಯಪ್ ಗುಂಪಿನಿಂದ ಬರುತ್ತದೆ? ರಾಶಿ ಇಡಿ, ಬೆಟ್ಟೆ, ಸರಕು, ಗೊರಬಲುಗಳ ದರಪಟ್ಟಿಯನ್ನು ಅಲ್ಲಿ ಹಾಕುವವರು ಯಾರು, ಅದನ್ನು ಅಪ್ಪ ನಂಬುವುದೇಕೆ? ಅಮ್ಮ ಯೂಟ್ಯೂಬ್‌ನಲ್ಲಿ ಏನು ನೋಡುತ್ತಾರೆ? ಓದಲು ಬಾರದ ಅಜ್ಜಿಗೆ ಧ್ವನಿ ಸಂದೇಶ ಕಳಿಸುವವರು ಯಾರು? ಮಂಗನ ಕಾಯಿಲೆಯ ಎಚ್ಚರಿಕೆ ಮನೆಗೆ ಮೊದಲು ಮುಟ್ಟಿದ್ದು ಆಶಾ ಕಾರ್ಯಕರ್ತೆಯ ಬಾಯಿಂದಲೋ, ಫೋನಿನಿಂದಲೋ?

30 ಹಾಳೆಗಳನ್ನು ಗೋಡೆಗೆ ಅಂಟಿಸಿದಾಗ ತರಗತಿಗೆ ತಾನಾಗಿಯೇ ಒಂದು ವಿಷಯ ಹೊಳೆಯುತ್ತದೆ. ತಾವು ದಿನವಿಡೀ ಇರುವ ಇನ್‌ಸ್ಟಾಗ್ರಾಂ ಬೇರೆ, ತಮ್ಮ ಮನೆಯವರು ಇರುವ ಜಗತ್ತು ಬೇರೆ. "ಸಾರ್ವಜನಿಕರು" ಎಂಬ ಒಂದೇ ಗುಂಪು ಎಲ್ಲಿಯೂ ಇಲ್ಲ ಎಂಬ ಪಠ್ಯದ ಮಾತು ಆಗ ಅವರ ಅನುಭವವಾಗುತ್ತದೆ.

ಇದೇ ವಾರ ಇನ್ನೊಂದನ್ನು ಗಮನಿಸಿ. ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಹಳ್ಳಿಗಳಿಂದ ಬರುವವರಲ್ಲಿ ಕೆಲವರಿಗೆ ಮನೆಯಲ್ಲಿ ಸಿಗ್ನಲ್ ಇರುವುದಿಲ್ಲ, ಗುಡ್ಡದ ತುದಿಗೋ ರಸ್ತೆಯ ತಿರುವಿಗೋ ಬರಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಅದೂ ಇಲ್ಲ. ಆದ್ದರಿಂದ ರಾತ್ರಿ ಹನ್ನೊಂದರ ಗಡುವು ಇಡಬೇಡಿ. ಎಲ್ಲ ಅಭ್ಯಾಸವನ್ನೂ ಕಾಗದದ ಮೇಲೆ ಮಾಡಲು ಸಾಧ್ಯವಾಗುವಂತೆ ರೂಪಿಸಿ, ಹಾಕುವ ಕೆಲಸ ಮಾತ್ರ ಕಾಲೇಜಿನಲ್ಲಿ ನಡೆಯಲಿ.

ಎರಡನೆಯದು: ನಿಜವಾದ ಒಂದು ಸಂಸ್ಥೆ

ಕಾಲ್ಪನಿಕ ಕಂಪನಿಗೆ ಪ್ರಚಾರ ಯೋಜನೆ ಬರೆಸುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಕಾಲ್ಪನಿಕ ಕಂಪನಿಯ ಗ್ರಾಹಕರಿಗೆ ಸಿಟ್ಟು ಬರುವುದಿಲ್ಲ. ಪ್ರತಿ ತಂಡಕ್ಕೂ ಸುತ್ತಮುತ್ತಲಿನ ಒಂದು ಸಣ್ಣ ಸಂಸ್ಥೆ ಬೇಕು: ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವ ಮಹಿಳಾ ಸ್ವಸಹಾಯ ಸಂಘ, ಹಾಲಿನ ಡೇರಿ, ಗ್ರಂಥಾಲಯ, ಹವ್ಯಾಸಿ ನಾಟಕ ತಂಡ, ಹಳೆಯ ವಿದ್ಯಾರ್ಥಿಗಳ ಸಂಘ. ನೀನಾಸಮ್ ರಂಗಸಂಸ್ಥೆ 1949ರಲ್ಲಿ ಹುಟ್ಟಿದ್ದು ಹೆಗ್ಗೋಡಿನಂತಹ ಹಳ್ಳಿಯಲ್ಲಿ. ಸುತ್ತಲಿನ ಜನರೊಡನೆ ದಶಕಗಳ ಕಾಲ ನಂಟು ಉಳಿಸಿಕೊಳ್ಳುವುದು ಹೇಗೆ ಎಂಬುದಕ್ಕೆ ನಮ್ಮ ಮಕ್ಕಳಿಗೆ ಇಷ್ಟು ಹತ್ತಿರದ ಉದಾಹರಣೆ ಇರುವಾಗ ಅಮೆರಿಕದ ಪಾನೀಯ ಕಂಪನಿಗಳ ಕಥೆಯಿಂದ ಶುರುಮಾಡಬೇಕಾಗಿಲ್ಲ.

ಕೆಲಸಕ್ಕಿಳಿಯುವ ಮುನ್ನ ಒಂದು ಪುಟದ ಒಪ್ಪಂದ ಬರೆಯಿಸಿ. ಪುಟದ ಅಥವಾ ಖಾತೆಯ ಒಡೆತನ ಸಂಸ್ಥೆಯದು. ಪಾಸ್‌ವರ್ಡ್ ಸಂಸ್ಥೆಯವರ ಬಳಿ ಇರುತ್ತದೆ. ಏನೇ ಹಾಕುವುದಿದ್ದರೂ ಸಂಸ್ಥೆಯ ಒಬ್ಬರು ಓದಿ ಒಪ್ಪಿರಬೇಕು, ಆ ಒಬ್ಬರ ಹೆಸರು ಒಪ್ಪಂದದಲ್ಲಿರಬೇಕು. ವಿದ್ಯಾರ್ಥಿಗಳು ತಮ್ಮ ವೈಯಕ್ತಿಕ ಖಾತೆಯನ್ನಾಗಲಿ ಮೊಬೈಲ್ ಸಂಖ್ಯೆಯನ್ನಾಗಲಿ ಇದಕ್ಕೆ ಬಳಸುವಂತಿಲ್ಲ. ಈ ಕೊನೆಯ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನನ್ನ ಮೊದಲ ವರ್ಷದಲ್ಲಿ ಒಂದು ಸಂಘದ ವಿಚಾರಣೆಗೆಂದು ವಿದ್ಯಾರ್ಥಿನಿಯೊಬ್ಬಳು ತನ್ನ ಸಂಖ್ಯೆಯನ್ನೇ ಪೋಸ್ಟಿನಲ್ಲಿ ಕೊಟ್ಟಿದ್ದಳು. ಮೂರು ವಾರ ಅವಳಿಗೆ ಅಪರಿಚಿತರ ಕರೆಗಳು ಬಂದವು, ಕೊನೆಗೆ ಆ ಸಂಖ್ಯೆಯನ್ನೇ ಬಿಡಬೇಕಾಯಿತು. ಅದನ್ನು ತಡೆಯಬೇಕಾಗಿದ್ದವನು ನಾನು. ಅಂದಿನಿಂದ ಒಪ್ಪಂದಕ್ಕೆ ಸಹಿಯಾಗದೆ ಯಾವ ತಂಡವನ್ನೂ ಹೊರಗೆ ಕಳಿಸಿಲ್ಲ.

ಮೂರನೆಯದು: ಮೂರು ವಾರ ಬರೀ ಕೇಳುವುದು

ಇಡೀ ಪಾಠದ ಬೆನ್ನೆಲುಬು ಇದು. ಮೂರು ವಾರ ಒಂದೂ ಪೋಸ್ಟ್ ಹಾಕುವಂತಿಲ್ಲ.

ಪ್ರತಿ ತಂಡಕ್ಕೂ ಒಂದು 100 ಪುಟದ ಗೆರೆ ಹಾಕಿದ ನೋಟ್‌ಪುಸ್ತಕ ಕೊಡಿ. ಪುಟಕ್ಕೆ ನಾಲ್ಕು ಅಂಕಣ: ದಿನಾಂಕ, ಕೇಳಿದವರು ಯಾರು, ಅವರದೇ ಮಾತಿನಲ್ಲಿ ಏನು ಕೇಳಿದರು, ಉತ್ತರ ಸಿಕ್ಕಿತೇ. ಸಂಸ್ಥೆಯ ಪುಟದ ಕಾಮೆಂಟುಗಳು, ಗೂಗಲ್ ಮ್ಯಾಪ್ಸ್‌ನ ವಿಮರ್ಶೆಗಳು, ಊರಿನ ಫೇಸ್‌ಬುಕ್ ಗುಂಪುಗಳು, ಅಂಗಡಿಯ ಕಟ್ಟೆಯ ಮೇಲಿನ ಮಾತು, ಕಚೇರಿಗೆ ಬರುವ ಫೋನು, ಎಲ್ಲವೂ ಇದರಲ್ಲಿ ಸೇರಬೇಕು. ಮೂರನೆಯ ಅಂಕಣದಲ್ಲಿ ವಿದ್ಯಾರ್ಥಿಗಳು ಸಾರಾಂಶ ಬರೆಯಲು ಬಿಡಬೇಡಿ. "ಗುಣಮಟ್ಟದ ಬಗ್ಗೆ ವಿಚಾರಿಸಿದರು" ಎಂದು ಬರೆದರೆ ಅದರಿಂದ ಉಪಯೋಗವಿಲ್ಲ. "ಇದು ಹೊಳೆಸಾಲಿನ ಮಿಡಿಯೋ, ಕಸಿ ಗಿಡದ್ದೋ?" ಎಂದು ಕೇಳಿದ್ದರೆ ಹಾಗೆಯೇ ಬರೆಯಬೇಕು. ಆ ಒಂದು ಪ್ರಶ್ನೆಯೊಳಗೆ ಕೊಳ್ಳುವವನ ತಿಳಿವಳಿಕೆ, ಸಂಶಯ, ಆಸೆ ಮೂರೂ ಇವೆ. ಮುಂದೆ ಬರೆಯಬೇಕಾದ ಪೋಸ್ಟೂ ಅದರೊಳಗೇ ಇದೆ.

ಸಿದ್ಧಾಂತ ಹೇಳಲು ತಕ್ಕ ಹೊತ್ತೂ ಇದೇ. ಅಮೆರಿಕದ ವಿದ್ವಾಂಸರಾದ ಜೇಮ್ಸ್ ಗ್ರೂನಿಗ್ ಮತ್ತು ಟಾಡ್ ಹಂಟ್ 1984ರಲ್ಲಿ ಸಾರ್ವಜನಿಕ ಸಂಪರ್ಕವನ್ನು ನಾಲ್ಕು ಮಾದರಿಗಳಾಗಿ ವಿಂಗಡಿಸಿದರು: ಬರೀ ಪ್ರಚಾರ, ಸಾರ್ವಜನಿಕ ಮಾಹಿತಿ, ಜನರನ್ನು ಅರಿತು ತಮ್ಮತ್ತ ಒಲಿಸಿಕೊಳ್ಳುವ ದ್ವಿಮುಖ ಅಸಮ ಮಾದರಿ, ಇಬ್ಬರೂ ಒಬ್ಬರಿಗೊಬ್ಬರು ಹೊಂದಿಕೊಳ್ಳುವ ದ್ವಿಮುಖ ಸಮ ಮಾದರಿ. ನೋಟ್‌ಪುಸ್ತಕ ಕೈಯಲ್ಲಿರುವಾಗ ಇದನ್ನು ಹೇಳಿದರೆ, ವಿದ್ಯಾರ್ಥಿಗಳು ತಮ್ಮ ಸಂಸ್ಥೆ ಯಾವ ಮಾದರಿಯಲ್ಲಿ ನಿಂತಿದೆ ಎಂದು ತಾವೇ ಬೆರಳಿಟ್ಟು ತೋರಿಸುತ್ತಾರೆ. ಬಹುಪಾಲು ಮೊದಲೆರಡರಲ್ಲೇ ನಿಂತಿರುತ್ತವೆ.

ನಾಲ್ಕನೆಯದು: ಎಲ್ಲಿ ಮಾತನಾಡಬೇಕು

ಇದಕ್ಕೆ ಒಂದೇ ತರಗತಿ ಸಾಕು. ಕೇಳಿದವರು ಯಾರು ಎಂಬ ನೋಟ್‌ಪುಸ್ತಕದ ಎರಡನೆಯ ಅಂಕಣವೇ ಎಲ್ಲಿ ಮಾತನಾಡಬೇಕೆಂದು ಹೇಳುತ್ತದೆ. ಆದರೆ ಉಪಕರಣಗಳ ಒಳಗುಟ್ಟು ಗೊತ್ತಿರಬೇಕು. ವಾಟ್ಸ್ಆ್ಯಪ್ ಗುಂಪಿನಲ್ಲಿ 1,024 ಜನರವರೆಗೆ ಇರಬಹುದು, ಆದರೆ ಎಲ್ಲರ ಸಂಖ್ಯೆಯೂ ಎಲ್ಲರಿಗೂ ಕಾಣುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶ, ಕಳಿಸುವವರ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ಮುಟ್ಟುತ್ತದೆ. ಇದನ್ನು ತಿಳಿಯದೆ "ಎಲ್ಲರಿಗೂ ಕಳಿಸಿದ್ದೆವಲ್ಲ" ಎನ್ನುವ ಸಂಘಗಳು ಬಹಳ. 2023ರಲ್ಲಿ ಬಂದ ಚಾನೆಲ್‌ನಲ್ಲಿ ಸಂಖ್ಯೆ ಯಾರಿಗೂ ಕಾಣದು, ಆದರೆ ಮಾತು ಒಂದೇ ದಿಕ್ಕಿನದು. ಯಾವುದೇ ಒಂದು ವೇದಿಕೆಯ ಮೇಲೆ ಎಲ್ಲವನ್ನೂ ಕಟ್ಟಬಾರದು ಎನ್ನಲು ಎರಡು ಉದಾಹರಣೆ ಕೊಡುತ್ತೇನೆ: 2020ರ ಜೂನ್ ಕೊನೆಯಲ್ಲಿ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಬೆಂಗಳೂರಿನಲ್ಲೇ ಹುಟ್ಟಿ ಕನ್ನಡಕ್ಕೆ ಒಳ್ಳೆಯ ಜಾಗ ಕೊಟ್ಟಿದ್ದ "ಕೂ" ಎಂಬ ಜಾಲತಾಣ 2024ರಲ್ಲಿ ಮುಚ್ಚಿತು.

ಐದನೆಯದು: ಕನ್ನಡದಲ್ಲಿ ಬರೆಯುವುದು

ಮೊದಲು ಒಂದು ತಾಂತ್ರಿಕ ಕೆಲಸ. ನಮ್ಮ ಕಚೇರಿ, ಸಂಘಗಳಲ್ಲಿ ಇಂದಿಗೂ ಪತ್ರಿಕಾ ಪ್ರಕಟಣೆಗಳು "ನುಡಿ" ಅಥವಾ "ಬರಹ" ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಸಿದ್ಧವಾಗುತ್ತವೆ. ಅದನ್ನು ಹಾಗೆಯೇ ಫೇಸ್‌ಬುಕ್‌ಗೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಬೀಳುತ್ತದೆ. ಬೇಸತ್ತು ಪ್ರಕಟಣೆಯ ಫೋಟೊ ತೆಗೆದು ಹಾಕುತ್ತಾರೆ. ಫೋಟೊದೊಳಗಿನ ಕನ್ನಡವನ್ನು ಸುಲಭವಾಗಿ ಹುಡುಕಲಾಗದು, ನಕಲಿಸಲಾಗದು, ಕಣ್ಣು ಕಾಣದವರ ಫೋನು ಅದನ್ನು ಸರಿಯಾಗಿ ಓದಿ ಹೇಳಲಾರದು. ಆದ್ದರಿಂದ ಎಲ್ಲ ಫೋನು, ಕಂಪ್ಯೂಟರುಗಳೂ ಗುರುತಿಸುವ ಯೂನಿಕೋಡ್‌ಗೆ ಪರಿವರ್ತಿಸುವುದನ್ನು, ಪರಿವರ್ತನೆಯಲ್ಲಿ ಕೆಡುವ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ತಿದ್ದುವುದನ್ನು ಒಂದು ಪೂರ್ತಿ ಪ್ರಯೋಗ ತರಗತಿಯಲ್ಲಿ ಮಾಡಿಸಿ. ವಿಂಡೋಸ್‌ನ ಜೊತೆಗೆ ಬಂದ ಯೂನಿಕೋಡ್ ಕನ್ನಡ ಅಕ್ಷರಶೈಲಿಯ ಹೆಸರು "ತುಂಗ". ನಮ್ಮೂರ ಹೊಳೆಯ ಹೆಸರು ಆ ಪಟ್ಟಿಯಲ್ಲಿ ಕಂಡಾಗ ವಿದ್ಯಾರ್ಥಿಗಳ ಮುಖ ಅರಳುವುದನ್ನು ಪ್ರತಿ ವರ್ಷವೂ ನೋಡುತ್ತೇನೆ.

ಬಳಿಕ ಭಾಷೆ. ಇಲ್ಲಿ ಆತುರ ಬೇಡ. ಮಂಗನ ಕಾಯಿಲೆ (ಕೆಎಫ್‌ಡಿ) ಮೊದಲು ಗುರುತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಲ್ಲಿಯ ಯಾವ ಮನೆಗೂ ಅದು ಅಪರಿಚಿತವಲ್ಲ. ಹಾಗಾಗಿ ಅದನ್ನೇ ಅಭ್ಯಾಸಕ್ಕೆ ತೆಗೆದುಕೊಳ್ಳುತ್ತೇನೆ. ಕಪ್ಪುಹಲಗೆಯ ಮೇಲೆ ಹೀಗೊಂದು ಸಾಲು ಬರೆಯುತ್ತೇನೆ:

"ಅರಣ್ಯ ಪ್ರದೇಶಗಳಿಗೆ ತೆರಳುವ ಸಾರ್ವಜನಿಕರು ಕೆಎಫ್‌ಡಿ ಹರಡದಂತೆ ಅಗತ್ಯ ಮುನ್ನೆಚ್ಚರಿಕಾ ಕ್ರಮಗಳನ್ನು ಕೈಗೊಳ್ಳತಕ್ಕದ್ದು."

ಇದನ್ನು ಯಾರು ಓದಬೇಕು ಎಂದು ಕೇಳಿದರೆ, ಕೊಟ್ಟಿಗೆಗೆ ದರಕು (ಒಣ ಎಲೆ) ತರಲು ಹೋಗುವ ಹೆಂಗಸರು ಎನ್ನುತ್ತಾರೆ. ಅವರು ತಮ್ಮನ್ನು "ಅರಣ್ಯ ಪ್ರದೇಶಕ್ಕೆ ತೆರಳುವ ಸಾರ್ವಜನಿಕರು" ಎಂದುಕೊಂಡಿದ್ದಾರೆಯೇ? ಅವರು ಈಗ ಏನು ಮಾಡಬೇಕು? ಎಷ್ಟು ಹೊತ್ತಿಗೆ? ಒಂದು ಗಂಟೆಯ ತಿದ್ದಾಟದ ನಂತರ ಹಲಗೆಯ ಮೇಲೆ ಉಳಿಯುವುದು ಇಂತಹ ಬರಹ:

"ದರಕು, ಸೌದೆ ತರಲು ಕಾಡಿಗೆ ಹೋಗುವಿರಾ? ಕೈಕಾಲು ಪೂರ್ತಿ ಮುಚ್ಚುವ ಬಟ್ಟೆ ತೊಡಿ. ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಆ ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಿರಿ. ಮೈಮೇಲೆ ಉಣುಗು ಕಚ್ಚಿದೆಯೇ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ, ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ."

ಇದನ್ನೇ 40 ಸೆಕೆಂಡಿನ ಧ್ವನಿ ಸಂದೇಶವಾಗಿ ಹೇಳಿಸಿ, ಅಜ್ಜಿಗೆ ಕಳಿಸಲಿ. ಅಜ್ಜಿ ಮರುದಿನ ನೆನಪಿನಿಂದ ಏನು ಹೇಳಿದರು ಎಂದು ಬರೆದು ತರಲಿ. ಅಜ್ಜಿಗೆ ನೆನಪುಳಿಯದ ಸಾಲನ್ನು ಮತ್ತೆ ಬರೆಯಬೇಕು. ಒಂದು ಎಚ್ಚರಿಕೆ ಮಾತ್ರ: ಆರೋಗ್ಯದ ವಿಷಯವನ್ನು ತರಗತಿಯಿಂದ ನೇರವಾಗಿ ಊರಿಗೆ ಬಿಡಬಾರದು. ಆರೋಗ್ಯ ಇಲಾಖೆಯವರು ಓದಿ ಒಪ್ಪಿದ ಮೇಲೆಯೇ ಹೊರಗೆ ಹೋಗಬೇಕು.

ಫೋಟೊ, ವಿಡಿಯೊಗಳ ವಿಷಯದಲ್ಲಿ ವಿದ್ಯಾರ್ಥಿಗಳಿಗೆ ಹೆಚ್ಚು ಹೇಳಬೇಕಾಗಿಲ್ಲ. ಮೂರು ಕಟ್ಟುಪಾಡು ಸಾಕು. ಚಿತ್ರದಲ್ಲಿರುವವರ ಒಪ್ಪಿಗೆ ಕೇಳಬೇಕು, ಮಕ್ಕಳಾದರೆ ತಂದೆತಾಯಿಯರ ಒಪ್ಪಿಗೆ. ಮಾತಿರುವ ವಿಡಿಯೊಗೆ ಕೆಳಗೆ ಕನ್ನಡ ಅಕ್ಷರಗಳಿರಬೇಕು, ಬಸ್ಸಿನಲ್ಲಿ ಸದ್ದಿಲ್ಲದೆ ನೋಡುವವರೇ ಹೆಚ್ಚು. ಚಿತ್ರ ತೆಗೆದ ತಿಂಗಳು ಬರೆಯಬೇಕು. ಆಗಸ್ಟ್‌ನಲ್ಲಿ ತೆಗೆದ ಜೋಗದ ಚಿತ್ರವನ್ನು ಮಾರ್ಚ್‌ನಲ್ಲಿ ತಿಂಗಳು ಹೇಳದೆ ಹಾಕಿದರೆ, ದೂರದಿಂದ ಮಕ್ಕಳನ್ನು ಕರೆದುಕೊಂಡು ಬಂದು ಬರಿಯ ಬಂಡೆ ನೋಡಿ ಹಿಂದಿರುಗುವ ಕುಟುಂಬಕ್ಕೆ ನಾವು ಸುಳ್ಳು ಹೇಳಿದಂತೆಯೇ.

ಆರನೆಯದು: ಉತ್ತರ ಬರೆಯುವುದು

ಎಲ್ಲಕ್ಕಿಂತ ಹೆಚ್ಚು ಸಮಯ ಇದಕ್ಕೆ ಕೊಡಿ. ಎರಡು ವಾರವಾದರೂ ಬೇಕು.

ಉಪ್ಪಿನಕಾಯಿ ಸಂಘದ ಪುಟಕ್ಕೆ ಬಂದ ದೂರು ಎಂದು ಇದನ್ನು ಕೊಡುತ್ತೇನೆ: "ಬಾಟಲಿಯ ರಸ ಸೋರಿ ಚೀಲವೆಲ್ಲ ಹಾಳಾಯಿತು. ದುಡ್ಡು ಎಣಿಸುವಾಗಿನ ಶ್ರದ್ಧೆ ಮುಚ್ಚಳ ಹಾಕುವಾಗ ಇರಲಿಲ್ಲವೇ?" ಹತ್ತರಲ್ಲಿ ಎಂಟು ಜನ ಬರೆಯುವ ಮೊದಲ ಉತ್ತರ ಇದು: "ತಮಗಾದ ಅನಾನುಕೂಲತೆಗೆ ವಿಷಾದಿಸುತ್ತೇವೆ. ತಮ್ಮ ಅಭಿಪ್ರಾಯ ನಮಗೆ ಅಮೂಲ್ಯ." ಇನ್ನಿಬ್ಬರು, "ಸಾಗಾಣಿಕೆಯಲ್ಲಿ ಆಗಿರಬಹುದು" ಎಂದು ಜಾರಿಕೊಳ್ಳುತ್ತಾರೆ.

ಅವರನ್ನು ಬೈಯುವುದಿಲ್ಲ. ಅದೇ ಉತ್ತರವನ್ನು ಪಕ್ಕದವರಿಗೆ ಗಟ್ಟಿಯಾಗಿ ಓದಿ ಹೇಳಿಸುತ್ತೇನೆ. ಕೇಳುವವರು ಚೀಲ ಹಾಳಾದ ಗಿರಾಕಿ ಎಂದು ಭಾವಿಸಿಕೊಳ್ಳಬೇಕು. "ಅನಾನುಕೂಲತೆ" ಎಂಬ ಪದ ಕಿವಿಗೆ ಬಿದ್ದಾಗ ಸಿಟ್ಟು ಇಳಿಯಿತೋ ಏರಿತೋ ಎಂದು ಅವರೇ ಹೇಳುತ್ತಾರೆ. ಆಮೇಲೆ ತಂಡವನ್ನು ಸಂಘಕ್ಕೆ ಕಳಿಸುತ್ತೇನೆ: ಬೇರೆ ಬಾಟಲಿ ಕೊಡಲು ಒಪ್ಪುತ್ತೀರಾ, ಯಾವ ದಿನ ತುಂಬಿದ್ದೆಂದು ಹೇಗೆ ತಿಳಿಯುತ್ತದೆ, ಮುಚ್ಚಳ ಯಾರು ಹಾಕುತ್ತಾರೆ ಎಂದು ಕೇಳಿ ಬರಬೇಕು. "ಅಕ್ಕ, ಇದಕ್ಕೆ ಏನು ಹೇಳೋಣ?" ಎಂದು ಸಂಘದ ಅಧ್ಯಕ್ಷೆಯ ಮುಂದೆ ಕುಳಿತು ಕೇಳಿದ ಮೇಲೆ ಬರೆದ ಉತ್ತರವೇ ಬೇರೆ:

"ರಸ ಸೋರಿದ್ದು ನಮ್ಮ ತಪ್ಪು, ಕ್ಷಮಿಸಿ. ಬಾಟಲಿಯ ಮೇಲಿರುವ ತಯಾರಿಕೆಯ ದಿನಾಂಕವನ್ನು ನಮಗೆ ಸಂದೇಶದಲ್ಲಿ ತಿಳಿಸಿ. ಆ ದಿನ ತುಂಬಿದ ಉಳಿದ ಬಾಟಲಿಗಳನ್ನೂ ತೆಗೆದು ನೋಡುತ್ತೇವೆ. ನಿಮಗೆ ಬೇರೆ ಬಾಟಲಿ ಕಳಿಸಬೇಕೋ, ಹಣ ಹಿಂದಿರುಗಿಸಬೇಕೋ ಹೇಳಿ."

ಇದರಲ್ಲಿ ಚಂದದ ಮಾತು ಒಂದೂ ಇಲ್ಲ, ಈಡೇರಿಸಬೇಕಾದ ಮಾತು ಎರಡಿವೆ. ಆ ಎರಡನ್ನೂ ಯಾರು ಯಾವ ದಿನದೊಳಗೆ ಈಡೇರಿಸುತ್ತಾರೆ ಎಂದು ನೋಟ್‌ಪುಸ್ತಕದಲ್ಲಿ ಬರೆದ ಮೇಲೆಯೇ ಉತ್ತರ ಹಾಕಬೇಕು. ಉಳಿದ ನಿಯಮಗಳು ಸಣ್ಣವು: ದೂರನ್ನು ಅಳಿಸಬಾರದು, ಬೈಗುಳ, ಬೆದರಿಕೆ ಇದ್ದರೆ ಮಾತ್ರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಮರೆಮಾಡಬಹುದು, ವಿಳಾಸ, ಸಂಖ್ಯೆಗಳನ್ನು ಎಲ್ಲರೆದುರು ಕೇಳಬಾರದು.

ಏಳನೆಯದು: ಹೊಳೆ ಏರಿದ ದಿನ

ಶಿವಮೊಗ್ಗದಲ್ಲಿ ಮಳೆಗಾಲದ ಅಳತೆಗೋಲು ಕೋರ್ಪಲಯ್ಯನ ಛತ್ರದ ಬಳಿ ತುಂಗೆಯೊಳಗಿರುವ ಮಂಟಪ. "ಮಂಟಪ ಮುಳುಗಿತು" ಎಂದರೆ ಇಡೀ ಊರಿಗೆ ಅರ್ಥವಾಗುತ್ತದೆ. ಹಾಗಾಗಿಯೇ ಹಳೆಯ ವರ್ಷಗಳ ಮಂಟಪದ ಚಿತ್ರವೂ "ಈಗಷ್ಟೇ" ಎಂಬ ಸಾಲಿನೊಡನೆ ಸುಲಭವಾಗಿ ಹರಿದಾಡುತ್ತದೆ.

ಅಣಕು ಅಭ್ಯಾಸ ಹೀಗೆ. ತರಗತಿಯವರಷ್ಟೇ ಇರುವ ಮುಚ್ಚಿದ ಗುಂಪು ಮಾಡಿ, ಪ್ರತಿ ಸಂದೇಶದ ತಲೆಯಲ್ಲೂ "ಅಭ್ಯಾಸಕ್ಕೆ ಮಾತ್ರ" ಎಂದು ಬರೆಯಿರಿ. ಹೊರಗೆ ಒಂದಕ್ಷರವೂ ಹೋಗಬಾರದು. ಬೆಳಿಗ್ಗೆ ಹತ್ತಕ್ಕೆ ಮುಳುಗಿದ ಮಂಟಪದ ಹಳೆಯ ಚಿತ್ರ, ಹತ್ತೂ ಐದಕ್ಕೆ "ಗಾಜನೂರು ಅಣೆಕಟ್ಟೆಗೆ ಅಪಾಯವಂತೆ" ಎಂಬ ಧ್ವನಿ ಸಂದೇಶ, ಹತ್ತೂ ಹತ್ತಕ್ಕೆ ಪೋಷಕರೊಬ್ಬರ ಪ್ರಶ್ನೆ: "ಕಾಲೇಜಿಗೆ ರಜೆಯೇ? ಮಗಳು ಹೊಳೆಯಾಚೆ ಇದ್ದಾಳೆ." ತಂಡಗಳು ಕಾಲೇಜಿನ ಸಾರ್ವಜನಿಕ ಸಂಪರ್ಕಾಧಿಕಾರಿಯ ಜಾಗದಲ್ಲಿವೆ. 15 ನಿಮಿಷದೊಳಗೆ ಮೊದಲ ಹೇಳಿಕೆ ಬರಬೇಕು.

ಬಹುತೇಕ ತಂಡಗಳು ಮೊದಲು ವದಂತಿಯನ್ನು ಅಲ್ಲಗಳೆಯಲು ಓಡುತ್ತವೆ. ಆ ಅವಸರದಲ್ಲಿ ಹೊಳೆಯಾಚೆಯ ಮಗಳ ಪ್ರಶ್ನೆ ಉತ್ತರವಿಲ್ಲದೆ ಉಳಿಯುತ್ತದೆ. ಮೊದಲ ಉತ್ತರ ಅವಳ ತಂದೆಗೆ ಸಲ್ಲಬೇಕು. ನಂತರದ ಹೇಳಿಕೆಗೆ ನಾಲ್ಕು ಭಾಗ ಕಲಿಸಿ: ನಮಗೆ ಈಗ ಖಚಿತವಾಗಿ ಗೊತ್ತಿರುವುದು, ಇನ್ನೂ ವಿಚಾರಿಸುತ್ತಿರುವುದು, ನೀವು ಈಗ ಮಾಡಬೇಕಾದದ್ದು, ಮುಂದಿನ ಮಾಹಿತಿ ಎಷ್ಟು ಗಂಟೆಗೆ. ಹೇಳಿದ ಗಂಟೆಗೆ ಹೊಸದೇನೂ ಇಲ್ಲದಿದ್ದರೂ "ಬದಲಾವಣೆ ಇಲ್ಲ" ಎಂದು ಹಾಕಲೇಬೇಕು. ಚಿತ್ರ ಹಳೆಯದೇ ಎಂದು ಗೂಗಲ್ ಲೆನ್ಸ್‌ನಲ್ಲಿ ಹುಡುಕಬಹುದು. ಅದಕ್ಕಿಂತ ಚುರುಕಾದದ್ದು ಛತ್ರದ ಬೀದಿಯಲ್ಲಿ ಮನೆಯಿರುವ ಸಹಪಾಠಿಗೆ ಒಂದು ಕರೆ. ನೀರಿನ ಮಟ್ಟ, ರಜೆಯ ವಿಷಯ ಜಿಲ್ಲಾಡಳಿತ ಅಥವಾ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯಿಂದ ಬಂದರೆ ಮಾತ್ರ ಹಂಚಬೇಕು.

ಅಭ್ಯಾಸ ಮುಗಿದ ಮೇಲೆ, ಸಾರ್ವಜನಿಕ ಸಂಪರ್ಕ ವೃತ್ತಿಯ ಆದ್ಯರಲ್ಲೊಬ್ಬರಾದ ಅಮೆರಿಕದ ಐವಿ ಲೀ 1906ರಲ್ಲಿ ಪತ್ರಿಕೆಗಳಿಗೆ ಕಳಿಸಿದ ತತ್ವಗಳ ಘೋಷಣೆಯನ್ನು ಓದಿಸಿ. ನಮ್ಮ ಕೆಲಸವೆಲ್ಲ ಬಹಿರಂಗ, ಕೇಳಿದ ವಿವರವನ್ನು ತಡಮಾಡದೆ ಕೊಡುತ್ತೇವೆ ಎಂಬ ಅದರ ಮಾತು, ಬೆವರೊರೆಸಿಕೊಳ್ಳುತ್ತಾ ಕುಳಿತ ತರಗತಿಗೆ ಹಿಂದಿನ ದಿನಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ಎಂಟನೆಯದು: ಕಾನೂನು

ಚಿಕ್ಕದಾಗಿ, ಆದರೆ ಬಿಡದೆ. ಹಣವನ್ನೋ ಉಚಿತ ವಸ್ತುವನ್ನೋ ಪಡೆದು ಹೊಗಳಿದರೆ ಅದು ಜಾಹೀರಾತು ಎಂದು ಸ್ಪಷ್ಟವಾಗಿ ತೋರಿಸಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಗ್ರಾಹಕರ ಸಂಖ್ಯೆಗಳ ಪಟ್ಟಿ ಕೈಗೆ ಬಂದಾಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನೆನಪಿರಲಿ. ಉಪ್ಪಿನಕಾಯಿ, ಹಪ್ಪಳ ಮಾರುವ ಸಂಘವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ ಬಾಟಲಿಯ ಮೇಲಿದೆಯೇ ಎಂದು ಪೋಸ್ಟ್ ಹಾಕುವ ಮುನ್ನ ನೋಡಬೇಕು. ಇಲ್ಲದಿದ್ದರೆ ಮೊದಲು ನೋಂದಣಿಗೆ ನೆರವಾಗಿ, ಪ್ರಚಾರ ಆಮೇಲೆ.

ಒಂಬತ್ತನೆಯದು: ಅಳೆಯುವುದು, ಅಂಕ ಕೊಡುವುದು

ಲೈಕುಗಳಿಗೆ ನಾನು ಅಂಕ ಕೊಡುವುದಿಲ್ಲ. ಕೊಟ್ಟರೆ ಸ್ನೇಹಿತರಿಂದ ಒತ್ತಿಸಿಕೊಂಡು ಬರುತ್ತಾರೆ. ನೋಟ್‌ಪುಸ್ತಕಕ್ಕೆ 25, ಬರವಣಿಗೆಗೆ 20, ಉತ್ತರಗಳಿಗೆ 25, ಹೊಳೆ ಏರಿದ ದಿನದ ಅಭ್ಯಾಸಕ್ಕೆ 15, ಹಸ್ತಾಂತರಕ್ಕೆ 15. ಪರಿಣಾಮ ತಿಳಿಯಲು ಒಂದೇ ಪ್ರಶ್ನೆ: ಮೊದಲ ಮೂರು ವಾರ ಪದೇಪದೇ ಬರುತ್ತಿದ್ದ ಯಾವ ಪ್ರಶ್ನೆ ಈಗ ಬರುವುದು ನಿಂತಿದೆ? "ಅಂಗಡಿ ಭಾನುವಾರ ತೆರೆದಿರುತ್ತದೆಯೇ" ಎಂಬ ಫೋನು ನಿಂತಿದ್ದರೆ ಪೋಸ್ಟ್ ಕೆಲಸ ಮಾಡಿದೆ.

ಕೊನೆಯದು: ಹಸ್ತಾಂತರ

ಸೆಮಿಸ್ಟರ್ ಮುಗಿದೊಡನೆ ತಂಡ ಚದುರುತ್ತದೆ, ಪುಟ ಅನಾಥವಾಗುತ್ತದೆ. ಇದನ್ನು ತಪ್ಪಿಸಲು ಕೊನೆಯ ಎರಡು ವಾರ ವಿದ್ಯಾರ್ಥಿಗಳು ಏನನ್ನೂ ಬರೆಯಬಾರದು. ಸಂಸ್ಥೆಯ ಒಬ್ಬರು ಬರೆಯಬೇಕು, ಇವರು ಪಕ್ಕದಲ್ಲಿ ಕುಳಿತಿರಬೇಕು. ವಿದ್ಯಾರ್ಥಿಗಳ ಅಡ್ಮಿನ್ ಹಕ್ಕು ತೆಗೆಸಿ, ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ದೃಢೀಕರಣವನ್ನು ಸಂಸ್ಥೆಯವರ ಫೋನಿಗೇ ಜೋಡಿಸಿ. ನೋಟ್‌ಪುಸ್ತಕವೂ ಅಲ್ಲಿಯೇ ಉಳಿಯಲಿ, ಕಾಲೇಜಿಗೆ ಅದರ ನಕಲು ಸಾಕು.

ಎರಡು ತಿಂಗಳ ನಂತರ ನಾನು ಒಬ್ಬನೇ ಅಲ್ಲಿಗೆ ಹೋಗುತ್ತೇನೆ. ಪುಟದಲ್ಲಿ ಎಷ್ಟು ಪೋಸ್ಟ್ ಬಂದಿವೆ ಎಂದು ನೋಡುವುದಿಲ್ಲ. ನೋಟ್‌ಪುಸ್ತಕವನ್ನು ಕೇಳಿ ಪಡೆದು ಕೊನೆಯ ಪುಟ ತೆರೆಯುತ್ತೇನೆ. ಅಲ್ಲಿರುವುದು ಸಂಘದವರ ಕೈಬರಹವೋ, ನನ್ನ ವಿದ್ಯಾರ್ಥಿಗಳದ್ದೋ ಎಂಬುದನ್ನು ನೋಡಿಕೊಂಡು, ಮುಂದಿನ ವರ್ಷದ ತಂಡಕ್ಕೆ ಪಾಠ ಎಲ್ಲಿಂದ ಶುರುಮಾಡಬೇಕೆಂದು ಬಸ್ಸಿನಲ್ಲಿ ಕುಳಿತು ಬರೆದುಕೊಳ್ಳುತ್ತೇನೆ.